ಬಿಸಾಡದೇ ಉಳಿದ ಬಿಳಿ ಬಾಟಲಿ

"ಮುಟ್ಬೇಡಿ! ಅಲ್ಲೇ ನಿಲ್ಲಿ!"

ಐಸಿಯುವಿನ ಬಾಗಿಲ ಕಡೆಯಿಂದ ಬಂದ ಆ ದನಿಗೆ ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಎದುರಿಗೆ ವೆಂಟಿಲೇಟರಿನ ಸಹಾಯದಿಂದ ಉಸಿರಾಡುತ್ತಿದ್ದ ಒಬ್ಬ ಅಜ್ಜ. ತಿರುಗಿ ನೋಡಿದರೆ ಒಂದು ಕೈಯಲ್ಲಿ ಮುಚ್ಚಳವಿರುವ ಪುಟ್ಟ ತಟ್ಟೆ, ಇನ್ನೊಂದು ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದ, ನಗು ಅಂದರೇನೆಂದೇ ಗೊತ್ತಿಲ್ಲದಂಥ ಮುಖದ ಒಬ್ಬ ಗಂಡಸು!

"ಯಾರ್ರೀ ನೀವು? ಕೆಲಸ ಮಾಡೋರ ಮೇಲೆ ಹೀಗಾ ಕೂಗೋದು?"

"ಸೋಂಕು ತಡೆ ವಿಭಾಗದ ಡಾಕ್ಟರ್. ಇವತ್ತೇ ಸೇರಿದ್ದು. ಸ್ವಲ್ಪ ಕೈ ತೋರಿಸಿ."

"ಯಾಕೆ, ಭವಿಷ್ಯ ಹೇಳ್ತೀರಾ?"

ಪಕ್ಕದ ಹಾಸಿಗೆಗಳ ಬಳಿ ನಿಂತಿದ್ದ ಉಳಿದ ನರ್ಸುಗಳು ಮಾಸ್ಕಿನೊಳಗೇ ಕಿಸಕ್ಕೆಂದರು. ಅವನು ಮಾತ್ರ ನಗಲಿಲ್ಲ.

"ಹೇಳ್ತೀನಿ. ನಿಮ್ಮದಲ್ಲ, ಈ ಅಜ್ಜಂದು."

ಅವಳ ಕೆನ್ನೆ ಬಿಸಿಯಾಯಿತು. 'ಅಬ್ಬಾ, ಎಷ್ಟು ಕೊಬ್ಬು ಈ ಮನುಷ್ಯಂಗೆ!'

ಅವನು ತಟ್ಟೆಯ ಮುಚ್ಚಳ ತೆಗೆದು ಮುಂದೆ ಹಿಡಿದ. ಒಳಗೆ ತೆಳುವಾದ ಜೆಲ್ಲಿ. "ಐದೂ ಬೆರಳು ಇದರ ಮೇಲೆ ಒತ್ತಿ. ನಿಮ್ಮ ಕೈಮೇಲೆ ಯಾವ ಕ್ರಿಮಿ ಇದ್ರೂ ಇದರಲ್ಲಿ ಬೆಳೆದು ಕಾಣುತ್ತೆ."

ಅವಳು ಜೆಲ್ಲಿ ಹರಿಯುವಷ್ಟು ಜೋರಾಗಿ ಒತ್ತಿದಳು.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಎಂಥ ಬತ್ತಿದ ನರವಾದರೂ ಮೊದಲ ಚುಚ್ಚಿಗೇ ಹಿಡಿಯುತ್ತಿದ್ದಳು, ಅದೊಂದು ಕಾರಣ. ಅವಳ ನಾಲಿಗೆಯ ರುಚಿ ಕಂಡವರು ಇನ್ನೊಂದು ಕಾರಣ ಹೇಳುತ್ತಿದ್ದರು. ಹೊಸ ಡಾಕ್ಟರಿಗೆ ಹೆಸರಿಡುವ ಕೆಲಸವನ್ನೂ ಅವಳೇ ಆ ಮಧ್ಯಾಹ್ನವೇ ಮುಗಿಸಿದಳು. ಹತ್ತಿಕಡ್ಡಿ ಹಿಡಿದು ಬಾಗಿಲ ಹಿಡಿ, ಮಂಚದ ಕಂಬಿ, ಟೆಲಿಫೋನು, ಎಲ್ಲವನ್ನೂ ಸವರಿಕೊಂಡು ತಿರುಗುವವನಿಗೆ ಕಡ್ಡಿ ಡಾಕ್ಟರ್ ಅನ್ನದೆ ಇನ್ನೇನನ್ನಬೇಕು?

ಮೂರನೆಯ ದಿನ ಕಡ್ಡಿ ಡಾಕ್ಟರ್ ಮತ್ತೆ ಬಂದ. ನೇರವಾಗಿ ಅವಳ ಹತ್ತಿರ.

"ಇಡೀ ಐಸಿಯುನಲ್ಲಿ ನಿಮ್ಮ ತಟ್ಟೆ ಒಂದರಲ್ಲೇ ಏನೂ ಬೆಳೆದಿಲ್ಲ ಸಿಸ್ಟರ್. ಅವತ್ತು ಕೂಗಿದ್ದಕ್ಕೆ ಕ್ಷಮಿಸಿ."

ಜಗಳಕ್ಕೆ ತಯಾರಾಗಿ ನಿಂತಿದ್ದವಳು ಸೊಂಟದ ಮೇಲಿಟ್ಟಿದ್ದ ಕೈ ಇಳಿಸಿದಳು. ಅವನ ಕಣ್ಣು ಅವಳ ಬೆರಳುಗಳ ಮೇಲಿತ್ತು. ದಿನವಿಡೀ ತೊಳೆದು ತೊಳೆದು ಗೆಣ್ಣುಗಳ ಮೇಲೆ ಚರ್ಮ ಬಿರಿದಿತ್ತು. ಒಂದೆರಡು ಕಡೆ ರಕ್ತವೂ ಜಿನುಗಿತ್ತು.

"ಇದು ಹೀಗೇ ಒಡೀತಾ ಹೋದ್ರೆ ಬಿರುಕಲ್ಲಿ ಕ್ರಿಮಿ ಸೇರ್ಕೊಳ್ತವೆ. ಆಮೇಲೆ ಎಷ್ಟು ತೊಳೆದ್ರೂ ಹೋಗಲ್ಲ."

ಮಾರನೇ ದಿನ ಅವಳ ಕೈಗೆ ಒಂದು ಬಿಳಿ ಬಾಟಲಿ ಬಂತು. ನೀಲಿ ಮುಚ್ಚಳ, ಒತ್ತಿದರೆ ಕ್ರೀಮ್.

"ಇದು ನಿಮ್ಮೊಬ್ಬರಿಗೇ. ಯಾರಿಗೂ ಕೊಡಬೇಡಿ. ಸಿಂಕ್ ಹತ್ರ ಇಡಬೇಡಿ. ಮುಗಿದ ಮೇಲೆ ಬಿಸಾಡಿ, ಅದಕ್ಕೇ ಮತ್ತೆ ತುಂಬಿಸಬೇಡಿ. ಇನ್ನೊಂದು ತಂದ್ಕೊಡ್ತೀನಿ."

"ಇದೇನು ಉಡುಗೊರೇನೋ, ಸುತ್ತೋಲೇನೋ?"

ಅವನು ಮೊದಲ ಸಲ ನಕ್ಕ. ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗುತ್ತಿತ್ತು. ಆ ಒಂದು ಸಣ್ಣ ವ್ಯತ್ಯಾಸಕ್ಕೆ ನಮ್ಮ ಸೂಜಿ ಬಿದ್ದುಹೋದಳು ಅಂದರೆ ನೀವು ನಂಬಬೇಕು!

ಕ್ಯಾಂಟೀನಿನ ಮೂಲೆಯ ಮೇಜು ಇಬ್ಬರದಾಯಿತು. ಅವನು ಟೀ ಕುಡಿಯುತ್ತ ಸೋಂಕಿನ ಮಾತೇ ಆಡುತ್ತಿದ್ದ, ಅವಳು ಅದನ್ನೇ ಪ್ರೇಮದ ಮಾತು ಎಂಬಂತೆ ಕೇಳುತ್ತಿದ್ದಳು.

"ಆರೋಗ್ಯವಾಗಿರೋರ ಮೈ ಅಂದ್ರೆ ಬಾಗಿಲು ಹಾಕಿರೋ ಮನೆ ಸಿಸ್ಟರ್. ಐಸಿಯುಗೆ ಬಂದೋರಿಗೆ ನಾವು ಗಂಟಲಿಗೊಂದು ಟ್ಯೂಬು, ಕತ್ತಿನ ನರಕ್ಕೊಂದು ಲೈನು, ಮೂತ್ರಕ್ಕೊಂದು ನಳಿಕೆ ಹಾಕ್ತೀವಿ. ಜೀವ ಉಳಿಸೋಕೇ ಹಾಕೋದು. ಆದ್ರೆ ಪ್ರತಿಯೊಂದೂ ತೆರೆದಿಟ್ಟ ಕಿಟಕಿ. ಹೆಚ್ಚು ದಿನ ಇದ್ದಷ್ಟೂ ಅಪಾಯ. ಶುಗರ್ ಇದ್ರಂತೂ ಕೇಳಲೇಬೇಡಿ."

"ಹಾಗಾದ್ರೆ ಕಳ್ಳ ಯಾರು?"

"ನಾವೇ. ನಮ್ಮ ಕೈ."

ಪ್ರೀತಿಸುವವಳನ್ನು ದಿನವಿಡೀ ಸಿಸ್ಟರ್ ಎಂದು ಕರೆಯಬೇಕಾದ ಪಾಡು ಆಸ್ಪತ್ರೆಯವರಿಗಲ್ಲದೆ ಇನ್ಯಾರಿಗೂ ಬರುವುದಿಲ್ಲ. ಅವನೂ ಬಾಯಿ ಬಿಟ್ಟು ಹೇಳಲಿಲ್ಲ. ಅವಳೂ ಹೇಳಲಿಲ್ಲ. ಮಾತಿನ ಮಲ್ಲಿ ಅನ್ನಿಸಿಕೊಂಡವಳಿಗೆ ಆ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು.

ಬಾಟಲಿ ಮುಗಿಯಿತು. ಹೇಳಿದ ಹಾಗೆ ಅವನು ಇನ್ನೊಂದು ತಂದುಕೊಟ್ಟ. ಅವಳು ಹಳೆಯ ಬಾಟಲಿಯನ್ನು ಕಸದ ಡಬ್ಬಿಯ ಮೇಲೆ ಹಿಡಿದು ನಿಂತಳು.

'ಬಿಸಾಡೋದಾ? ಇದನ್ನಾ? ಅವರು ಮೊದಲು ಕೊಟ್ಟಿದ್ದು ಇದು...'

ಬಿಸಾಡಲಿಲ್ಲ. ತಳದಲ್ಲಿ ಗಟ್ಟಿಯಾಗಿ ಅಂಟಿದ್ದ ಕ್ರೀಮ್ ಬಿಡಲಿ ಎಂದು ಸ್ವಲ್ಪ ನಲ್ಲಿ ನೀರು ಹಾಕಿ ಕುಲುಕಿದಳು. ಅದರ ಮೇಲೆ ಹೊಸ ಬಾಟಲಿಯ ಕ್ರೀಮ್ ಸುರಿದಳು. ಖಾಲಿಯಾದ ಹೊಸದನ್ನು ಎಸೆದಳು! ಆಮೇಲೆ ಬಂದವುಗಳಿಗೂ ಅದೇ ಗತಿಯಾಯಿತು. ಜೊತೆಯ ನರ್ಸೊಬ್ಬಳ ಬೆರಳು ಒಡೆದು ರಕ್ತ ಬಂದಾಗ "ನನ್ನದೇ ಹಚ್ಕೊಳ್ಳೇ" ಎಂದು ಕೊಟ್ಟಳು. ಕೊಟ್ಟಿದ್ದೇ ತಡ, ಎಲ್ಲರಿಗೂ ಬೇಕಾಯಿತು. ಬ್ಯಾಗಿನಿಂದ ಲಾಕರಿಗೆ, ಲಾಕರಿನಿಂದ ಸಿಂಕಿನ ಕಟ್ಟೆಗೆ ಬಾಟಲಿ ಇಳಿದು ಬಂತು.

ಅದು ಡಾಕ್ಟರ ಕಣ್ಣಿಗೆ ಬೀಳಬಾರದಲ್ಲ! "ಕಡ್ಡಿ ಬಂತು, ಕಡ್ಡಿ!" ಎಂದು ಬಾಗಿಲ ಹತ್ತಿರದವರು ಪಿಸುಗುಟ್ಟಿದರೆ ಸಾಕು, ಸೂಜಿ ಬಾಟಲಿಯನ್ನು ಗ್ಲೌಸಿನ ಪೆಟ್ಟಿಗೆಯ ಹಿಂದೆ ತಳ್ಳಿ, ಏನೂ ಅರಿಯದ ಕೂಸಿನಂತೆ ನಿಲ್ಲುತ್ತಿದ್ದಳು. ಒಳಗೊಳಗೇ ನಗು. ಅದೊಂದು ಕಣ್ಣಾಮುಚ್ಚಾಲೆ ಅವಳಿಗೆ.

ಆ ದಿನಗಳಲ್ಲೇ ಟೈಲರ್ ಅಣ್ಣ ಬಂದದ್ದು.

ರಸ್ತೆ ಅಪಘಾತ. ಪಕ್ಕೆಲುಬು ಮುರಿದಿತ್ತು, ಶುಗರ್ ಬೇರೆ ಇತ್ತು. ಗಂಟಲಲ್ಲಿ ಟ್ಯೂಬ್ ಇದ್ದುದರಿಂದ ಮಾತಿಲ್ಲ. ಅವಳ ಹೆಸರು ಸೂಜಿ ಎಂದು ಕೇಳಿದ ದಿನದಿಂದ ಅವಳು ಹತ್ತಿರ ಬಂದಾಗೆಲ್ಲ ಎರಡು ಬೆರಳು ಎತ್ತಿ ಗಾಳಿಯಲ್ಲಿ ದಾರ ಪೋಣಿಸುವ ಹಾಗೆ ಮಾಡುತ್ತಿದ್ದ.

"ಸಾಕು ಅಣ್ಣಾ, ಎಷ್ಟು ಸಲ ಪೋಣಿಸ್ತೀರಿ? ಬೇಗ ಹುಷಾರಾಗಿ ನನಗೊಂದು ಬ್ಲೌಸ್ ಹೊಲ್ಕೊಡಿ. ಅಳತೆ ತಪ್ಪಿದ್ರೆ ನೋಡಿ ಮತ್ತೆ!"

ಅವನು ಕಣ್ಣಲ್ಲೇ ನಗುತ್ತಿದ್ದ. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕೂತಿರುತ್ತಿದ್ದಳು.

"ಸಿಸ್ಟರಮ್ಮಾ, ಯಾವಾಗ ಕಳಿಸ್ತೀರಿ ನಮ್ಮನೆಯೋರನ್ನ?"

"ಇನ್ನೇನು ಅಕ್ಕಾ, ಟ್ಯೂಬ್ ತೆಗೀತಾರೆ. ವಾರ್ಡಿಗೆ ಹಾಕ್ತಾರೆ. ನಾನಿದ್ದೀನಲ್ಲ!"

ನಾನಿದ್ದೀನಲ್ಲ. ಆ ಮಾತು ಎಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ!

ಟ್ಯೂಬ್ ತೆಗೆಯಬೇಕಾಗಿದ್ದ ದಿನ ಟೈಲರ್ ಅಣ್ಣನಿಗೆ ಜ್ವರ ಬಂತು. ಕಿಟಕಿ ಪಕ್ಕದ ಅಮ್ಮನಿಗೂ ಬಂತು. ಬಾಗಿಲ ಬಳಿಯ ಹುಡುಗಿಗೂ. ಮೂವರ ರಕ್ತದಲ್ಲೂ ಒಂದೇ ಕ್ರಿಮಿ. ದೊಡ್ಡ ದೊಡ್ಡ ಔಷಧಿಗಳಿಗೂ ಜಗ್ಗದ್ದು, ತೇವ ಇರುವಲ್ಲಿ ಬೆಳೆಯುವಂಥದ್ದು.

ಕಡ್ಡಿ ಡಾಕ್ಟರ್ ಊಟ ನಿದ್ದೆ ಬಿಟ್ಟ. ವೆಂಟಿಲೇಟರಿನ ಪೈಪು, ಪರದೆ, ಮಾನಿಟರಿನ ಗುಂಡಿ, ನಲ್ಲಿಯ ಬಾಯಿ, ಎಲ್ಲ ಸವರಿದ. ನಲ್ಲಿಯಲ್ಲಿ ಸಿಕ್ಕಿತು. ನಲ್ಲಿ ಬದಲಾಯಿಸಿದರು. ಆದರೂ ಜ್ವರ ನಿಲ್ಲಲಿಲ್ಲ!

"ನಲ್ಲಿಯಿಂದ ಎಲ್ಲಿಗೋ ಹೋಗಿದೆ ಅದು. ಎಲ್ಲಿ ಕೂತಿದೆ?" ಅವನು ಅವಳೆದುರು ತಲೆ ಹಿಡಿದುಕೊಂಡ. "ಸೂಜಿ... ನನ್ನ ಕಣ್ಣಿಗೆ ಬೀಳದೇ ಇರೋದು ಏನಿದೆ ಈ ರೂಮಲ್ಲಿ?"

ಅವನು ಅವಳನ್ನು ಸೂಜಿ ಎಂದು ಕರೆದದ್ದು ಅದೇ ಮೊದಲು. ಎದೆ ಝಲ್ಲೆಂದಿತು. ಆ ಪುಳಕದಲ್ಲಿ ಅವನು ಕೇಳಿದ ಪ್ರಶ್ನೆ ಅವಳ ಕಿವಿಗೆ ಹೋಯಿತೇ ಹೊರತು ಮನಸ್ಸಿಗೆ ಹೋಗಲಿಲ್ಲ. ಅವಳ ಬೆನ್ನ ಹಿಂದೆ, ಗ್ಲೌಸಿನ ಪೆಟ್ಟಿಗೆಯ ಆಚೆ, ಬಾಟಲಿ ಇತ್ತು.

ಟೈಲರ್ ಅಣ್ಣನ ಬೆರಳುಗಳು ದಾರ ಪೋಣಿಸುವುದನ್ನು ನಿಲ್ಲಿಸಿದವು. ಒಂದು ಬೆಳಿಗ್ಗೆ, ಬಿಸಿಲು ಹಾಸಿಗೆಯವರೆಗೆ ಬಂದಿದ್ದಾಗ, ಮಾನಿಟರಿನ ಗೆರೆ ನೇರವಾಯಿತು.

ಬೆಂಚಿನ ಮೇಲಿದ್ದವಳು ಅಳಲಿಲ್ಲ. ಸೂಜಿಯ ಎರಡೂ ತೋಳು ಹಿಡಿದು ಕೇಳಿದಳು: "ಹುಷಾರಾಗಿದ್ದಾರೆ ಅಂದಿದ್ರಲ್ಲಮ್ಮಾ? ಅಪಘಾತದಿಂದ ಉಳ್ಕೊಂಡೋರು ಆಸ್ಪತ್ರೆ ಒಳಗೆ ಹೆಂಗೆ ಹೋದ್ರು?"

"ಅವರ ದೇಹ ಸಹಕರಿಸಲಿಲ್ಲ" ಎಂದರು ಹಿಂದೆ ನಿಂತಿದ್ದ ಸೂಪರಿಂಟೆಂಡೆಂಟ್ ಸಾಹೇಬರು. ಆಸ್ಪತ್ರೆಯ ಹಿರಿಯರು ಹೀಗೆ ಸತ್ತವರ ಮೇಲೇ ತಪ್ಪು ಹೊರಿಸುವುದನ್ನು ಎಲ್ಲಿ ಕಲಿಯುತ್ತಾರೋ!

ಅಂದೇ ಮಧ್ಯಾಹ್ನ ಡಾಕ್ಟರ್ ಹೇಳದೆ ಕೇಳದೆ ಐಸಿಯುಗೆ ಬಂದ. ಪಿಸುಗುಟ್ಟುವವರು ಯಾರೂ ಬಾಗಿಲಲ್ಲಿರಲಿಲ್ಲ. ಸೂಜಿ ಸಿಂಕಿನ ಮುಂದೆ ನಿಂತು, ಅತ್ತ ಕಣ್ಣಲ್ಲೇ, ತೊಳೆದ ಕೈಗೆ ಕ್ರೀಮ್ ಹಚ್ಚಿಕೊಳ್ಳುತ್ತಿದ್ದಳು.

ಅವನು ಬಾಟಲಿ ನೋಡಿದ. ನೀಲಿ ಮುಚ್ಚಳ ಸವೆದು ಬೆಳ್ಳಗಾಗಿತ್ತು. ತಾನೇ ಕೊಂಡು ತಂದ ಮೊದಲ ಬಾಟಲಿ ಎಂದು ಗುರುತು ಹಿಡಿಯಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕಡ್ಡಿ ತೆಗೆದು ಬಾಟಲಿಯ ಬಾಯಿಗೆ ಸವರಿದ.

ಆಗ ಹೊಳೆಯಿತು ಅವಳಿಗೆ. ನಲ್ಲಿ ನೀರು. ಕುಲುಕಿದ್ದು. ಎಲ್ಲರೂ ಹಚ್ಚಿಕೊಂಡಿದ್ದು. ಹಚ್ಚಿಕೊಂಡ ಕೈಯಲ್ಲೇ ಟೈಲರ್ ಅಣ್ಣನ ಕತ್ತಿನ ಲೈನು ಮುಟ್ಟಿದ್ದು...

ಅವಳು ಎರಡೂ ಕೈಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದಳು.

ಕಿಟಕಿ ಪಕ್ಕದ ಅಮ್ಮ, ಬಾಗಿಲ ಬಳಿಯ ಹುಡುಗಿ, ಇಬ್ಬರ ಜ್ವರವೂ ಇಳಿಯತೊಡಗಿತ್ತು. ಫಲಿತಾಂಶ ಬಂದ ದಿನ ಸಾಹೇಬರ ಕೋಣೆಯಲ್ಲಿ ಐಸಿಯುನವರೆಲ್ಲರ ಸಭೆ. ಡಾಕ್ಟರ್ ಎದ್ದು ನಿಂತ. ಅವಳ ಕಡೆ ನೋಡಲಿಲ್ಲ.

"ಮೂಲ ಸಿಕ್ಕಿದೆ ಸರ್. ಸಿಂಕ್ ಹತ್ರ ಇದ್ದ ಕ್ರೀಮ್ ಬಾಟಲಿ. ಮತ್ತೆ ಮತ್ತೆ ತುಂಬಿಸಿದ್ದಾರೆ. ನೀರೂ ಬೆರೆಸಿದ್ದಾರೆ."

"ಯಾರದ್ದು ಅದು?"

ಅವಳು ಅವನನ್ನೇ ನೋಡಿದಳು. 'ಹೇಳಿ. ನಾನು ತಂದುಕೊಟ್ಟಿದ್ದು ಅಂತ ಒಂದು ಮಾತು ಹೇಳಿ. ಅದು ನನ್ನ ಕೈಗೆ ಹೇಗೆ ಬಂತು ಅಂತ ಹೇಳಿ. ನೀವು ಶುರು ಮಾಡಿ, ಉಳಿದಿದ್ದು ನಾನು ಹೇಳ್ತೀನಿ...'

"ಗೊತ್ತಿಲ್ಲ ಸರ್" ಎಂದ ಅವನು.

ಗೊತ್ತಿದ್ದವರೆಲ್ಲ ನೆಲ ನೋಡಿದರು. ಹಿರಿಯ ನರ್ಸ್ ಗಂಟಲು ಸರಿಮಾಡಿಕೊಂಡು, "ಸಿಂಕ್ ಒರೆಸೋದು ಆಯಮ್ಮ ಸರ್" ಎಂದರು. ತಮ್ಮ ಹುಡುಗಿಯರನ್ನು ಉಳಿಸಿಕೊಳ್ಳುವ ಅವಸರ ಅವರಿಗೆ. ಸಾಹೇಬರಿಗೂ ಅಷ್ಟೇ ಬೇಕಾಗಿತ್ತು.

"ನಾಳೆಯಿಂದ ಅವಳು ಬರೋದು ಬೇಡ. ಇನ್ನು ಈ ಮಾತು ಈ ರೂಮ್ ದಾಟಬಾರದು. ಟೈಲರ್ ಮನೆಯವರಿಗಂತೂ ಸುದ್ದಿ ಹೋಗಲೇಬಾರದು."

ಎಂಥವರ ಮುಖಕ್ಕೂ ಹೊಡೆದ ಹಾಗೆ ಮಾತಾಡುವವಳು ಆ ದಿನ ಮೂಕಿಯಾಗಿ ಕೂತಳು.

ಆಯಮ್ಮ ಸಂಜೆ ತನ್ನ ಚಪ್ಪಲಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಗೇಟಿನ ಹತ್ತಿರ ಸೂಜಿಯ ಕೆನ್ನೆ ಸವರಿ, "ನಾನೇನ್ ಮಾಡ್ದೆ ಅಂತ ನೀನಾದ್ರೂ ಹೇಳು ಮಗಾ" ಎಂದಳು.

ಆ ರಾತ್ರಿ ಹೇಗೆ ಕಳೆಯಿತೋ ಅವಳಿಗೇ ಗೊತ್ತು. ಬೆಳಿಗ್ಗೆ ಸಾಹೇಬರು ಕುರ್ಚಿಯಲ್ಲಿ ಕೂರುವ ಮೊದಲೇ ಅವರೆದುರು ನಿಂತಿದ್ದಳು.

"ಬಾಟಲಿ ನನ್ನದು ಸರ್. ನೀರು ಹಾಕಿದ್ದು ನಾನು. ಡಾಕ್ಟರ್ ಬಂದಾಗೆಲ್ಲ ಬಚ್ಚಿಟ್ಟಿದ್ದೂ ನಾನೇ. ಆಯಮ್ಮನ್ನ ವಾಪಸ್ ಕರೀರಿ."

ಎಲ್ಲಿಂದ ಬಂತು ಬಾಟಲಿ ಎಂದು ಅವರು ಕೇಳಿದರು. "ಅಂಗಡಿಯಿಂದ" ಎಂದಳು. ಅವನು ಅವಳ ಹೆಸರು ಹೇಳದಿದ್ದರೆ ಅವಳೂ ಅವನ ಹೆಸರು ಹೇಳುವುದಿಲ್ಲ. ಅಷ್ಟು ಹಟ ಅವಳಿಗೂ ಇತ್ತು.

ಆಯಮ್ಮನಿಗೆ ಕೆಲಸ ಮರಳಿ ಸಿಕ್ಕಿತು. ಸೂಜಿ ಕೆಲಸ ಕಳೆದುಕೊಂಡಳು.

ಮೆಟ್ಟಿಲ ಮೇಲೆ ಅವನು ಓಡಿಬಂದು ಅಡ್ಡ ನಿಂತ. ಮುಖ ಬಿಳಿಚಿತ್ತು.

"ಯಾಕೆ ಹೇಳಿದ್ರಿ? ನಾನು ಗೊತ್ತಿಲ್ಲ ಅಂದಿದ್ದೇ ನಿಮ್ಮನ್ನ ಉಳಿಸೋಕೆ!"

"ನನ್ನನ್ನಾ? ಬಾಟಲಿ ತಂದುಕೊಟ್ಟೋರು ಯಾರು ಅಂತ ಕೇಳಿಬಿಟ್ರೆ ಅಂತ ಹೆದರಿದ್ರಿ ನೀವು! ಪಾಪದ ಆಯಮ್ಮ ಹೋಗೋದನ್ನ ನೋಡ್ಕೊಂಡು ನಿಂತ್ರಿ!"

"ನೀವೂ ನಿಂತಿದ್ರಿ!"

ಅದು ನಿಜ. ನಿಜವಾದ್ದರಿಂದಲೇ ಇನ್ನಷ್ಟು ಚುಚ್ಚಿತು. ಅವನ ಬಾಯಿಂದ ಮುಂದಿನ ಮಾತೂ ಹೊರಬಿತ್ತು.

"ಅಷ್ಟು ಸಲ ಹೇಳಿದ್ದೆ! ಬಿಸಾಡಿ, ತುಂಬಿಸಬೇಡಿ ಅಂತ! ಒಂದು ಖಾಲಿ ಬಾಟಲಿ ಬಿಸಾಡೋಕೆ ಏನು ಕಷ್ಟ ನಿಮಗೆ? ಅಷ್ಟು ಅಸಡ್ಡೆನಾ?"

ಅಸಡ್ಡೆ!

ಅವಳು ಅವನ ಮುಖವನ್ನೇ ನೋಡಿದಳು. ಯಾಕೆ ಬಿಸಾಡಲಿಲ್ಲ ಎಂದು ಹೇಳಬಹುದಿತ್ತು. ಒಬ್ಬ ಮನುಷ್ಯ ಸತ್ತ ಮೇಲೆ ಆ ಕಾರಣವನ್ನು ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ಆ ಪ್ರೀತಿಗೂ ಸಾವಿನ ವಾಸನೆ ಅಂಟುತ್ತದೆ ಅನ್ನಿಸಿತು ಅವಳಿಗೆ.

"ಹೌದು. ಅಸಡ್ಡೆ. ದಾರಿ ಬಿಡಿ ಡಾಕ್ಟ್ರೇ."

ಅವನು ದಾರಿ ಬಿಟ್ಟ.

ಮನೆಯಲ್ಲಿ ಕೂತವಳಿಗೆ ಹಗಲು ಸರಿಯುತ್ತಿರಲಿಲ್ಲ. ಅಮ್ಮನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದಳು, ಒಗೆದ ಬಟ್ಟೆ ಮತ್ತೆ ಒಗೆಯುತ್ತಿದ್ದಳು. ಅವನು ಕರೆ ಮಾಡಿದಾಗಲೆಲ್ಲ ಕತ್ತರಿಸಿದಳು. ಕೊನೆಗೆ ಕರೆಗಳೂ ನಿಂತವು. ನಿಂತಿದ್ದಕ್ಕೂ ಅವನ ಮೇಲೇ ಸಿಟ್ಟು!

ಕೈಗಳು ಮಾತ್ರ ಮೆಲ್ಲಗೆ ವಾಸಿಯಾದವು. ಬಿರುಕು ಮುಚ್ಚಿ ಬೆರಳು ಮೊದಲಿನಂತೆ ನುಣ್ಣಗಾದಾಗ ಅವಳು ಅವುಗಳನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತಳು.

"ಎಲ್ಲಾ ಬಿಟ್ಟು ಕೈ ನೋಡ್ಕೊಂಡು ಅಳ್ತಾರೇನೇ?" ಅಮ್ಮ ತಟ್ಟೆ ಕೆಳಗಿಟ್ಟು ಹತ್ತಿರ ಕೂತಳು. "ಯಾರ ಹತ್ರ ಹೇಳ್ಬೇಕೋ ಅವರ ಹತ್ರ ಹೇಳ್ಬಿಡು. ನನ್ನ ಹತ್ರ ಅತ್ರೆ ನಿನ್ನ ಹೊಟ್ಟೆ ಹಗುರ ಆಗಲ್ಲ."

ಹೊಸ ವರ್ಷಕ್ಕೆ ಮೊದಲು ಬೇರೊಂದು ಆಸ್ಪತ್ರೆಯಿಂದ ಕರೆ ಬಂತು. ಏನಾಗಿತ್ತೆಂದು ಅವಳು ಮುಚ್ಚಿಡದೆ ಹೇಳಿದ್ದಳು. ಆದರೂ ಕರೆದರು. ಅದೂ ಐಸಿಯುಗೇ. ಸೇರುವ ಮೊದಲು ಒಂದು ಕಡೆ ಹೋಗಲೇಬೇಕಾಗಿತ್ತು.

ಟೈಲರ್ ಅಂಗಡಿ ಕಿರಿದಾದ ಬೀದಿಯಲ್ಲಿತ್ತು. ಹೊಲಿಗೆ ಯಂತ್ರದ ಮುಂದೆ ಅಣ್ಣನ ಜಾಗದಲ್ಲಿ ಅಕ್ಕ ಕೂತಿದ್ದಳು. ಸೂಜಿ ಹೊಸ್ತಿಲಲ್ಲಿ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಾಟಲಿ, ನೀರು, ಬಚ್ಚಿಟ್ಟಿದ್ದು.

ಅಕ್ಕ ಯಂತ್ರ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ, ದಾರ ಕಡಿದು, ಆಮೇಲೆ ತಲೆ ಎತ್ತಿದಳು.

"ಆ ಡಾಕ್ಟರೂ ಆ ಸ್ಟೂಲ್ ಮೇಲೇ ಕೂತು ಹೇಳ್ದ."

"ಯಾ... ಯಾವ ಡಾಕ್ಟರ್?"

"ಕಡ್ಡಿ ಹಿಡ್ಕೊಂಡು ಓಡಾಡ್ತಿದ್ನಲ್ಲ, ಅವನೇ. ಬಾಟಲಿ ತಂದಿದ್ದು ನಾನು, ತಪ್ಪು ನಂದು ಅಂದ. ನಿನ್ನ ಸುದ್ದೀನೇ ಎತ್ತಲಿಲ್ಲ. ನಮಗೆ ಹೇಳಬಾರದು ಅಂತ ನಿಮ್ಮ ಸಾಹೇಬ ಕಟ್ಟಪ್ಪಣೆ ಮಾಡಿದ್ನಂತೆ. ಹೇಳಿದ್ದಕ್ಕೆ ಅವನನ್ನೂ ಕೆಲಸದಿಂದ ತೆಗೆದ್ರಂತೆ. ನಾನು ಬೈದು ಅಟ್ಟಿದೆ. ಮತ್ತೆ ಬಂದ. ಮತ್ತೆ ಬೈದೆ."

ಸೂಜಿ ಹೊಸ್ತಿಲು ದಾಟಿ ಒಳಗೆ ಬಂದಳು.

"ಅಕ್ಕಾ, ನಮ್ಮನ್ನ ಕ್ಷಮಿಸಿ ಅಂತ ಕೇಳೋಕೂ..."

"ಕೇಳಬೇಡ. ಇಬ್ಬರೂ ಬಂದು ಕೈ ಚಾಚ್ತೀರಿ. ಕೊಡೋಕೆ ನನ್ನ ಹತ್ರ ಏನಿದೆ? ಯಂತ್ರ ಇದೆ, ಈ ಟೇಪು ಇದೆ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಕ್ಷಮಿಸೋಕಾಗುತ್ತೋ ಇಲ್ವೋ ನನಗೇ ಗೊತ್ತಿಲ್ಲ. ಇನ್ನೊಂದ್ಸಲ ಬರೋದಿದ್ರೆ ಇಬ್ಬರೂ ಒಟ್ಟಿಗೆ ಬನ್ನಿ. ಅವರ ಸಾವಿನ ಕಥೆ ಅರ್ಧ ಅವನ ಬಾಯಲ್ಲಿ, ಅರ್ಧ ನಿನ್ನ ಬಾಯಲ್ಲಿ ಕೇಳೋಕೆ ನನ್ನ ಕೈಲಾಗಲ್ಲ. ಹೋಗು."

ಬಸ್ ನಿಲ್ದಾಣದ ಹಿಂದಿನ ರಸ್ತೆ. ಮಹಡಿಯ ಮೇಲೆ ಡಾಕ್ಟರ್ ಈಗ ಕೆಲಸ ಮಾಡುತ್ತಿದ್ದ ಪುಟ್ಟ ಲ್ಯಾಬು. ಒಂದು ಮೇಜು, ಒಂದು ಮೈಕ್ರೋಸ್ಕೋಪು, ಮೂಲೆಯಲ್ಲಿ ಸಿಂಕು. ಆಯಮ್ಮ ಕೊಟ್ಟ ಗುರುತು ಹಿಡಿದು ಅವಳು ಮೆಟ್ಟಿಲು ಹತ್ತಿ ಬಂದಾಗ ಅವನು ಕೈ ತೊಳೆಯುತ್ತಿದ್ದ. ಎಷ್ಟು ಇಳಿದುಹೋಗಿದ್ದ! ಶರ್ಟು ಹೆಗಲಿಂದ ಜಾರುತ್ತಿತ್ತು.

ಅವನು ತಿರುಗಿದ. ನೀರು ಹಾಗೇ ಸುರಿಯುತ್ತಿತ್ತು.

"ನಲ್ಲಿ ನಿಲ್ಲಿಸಿ" ಎಂದಳು ಅವಳು.

ನಿಲ್ಲಿಸಿದ.

"ಯಾಕೆ ಗೊತ್ತಿಲ್ಲ ಅಂದ್ರಿ ಅವತ್ತು? ನಿಜ ಹೇಳಿ."

"ಅರ್ಧ ನಿಮ್ಮನ್ನ ಉಳಿಸೋಕೆ." ಅವನು ಟವೆಲನ್ನು ಹಿಂಡುತ್ತಿದ್ದ. "ಅರ್ಧ... ಹೆದರಿಕೆ. ನೀವು ಹೇಳಿದ್ದು ಸರಿ ಇತ್ತು. ನಾನು ತಂದಿದ್ದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಆಯಮ್ಮ ಚೀಲ ಹಿಡ್ಕೊಂಡು ಹೋಗಿದ್ದು ಇವತ್ತೂ ಕಣ್ಣಿಗೆ ಕಟ್ಟಿದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅರ್ಧ ಸುಳ್ಳು ಹೇಳಿ ಅವಳನ್ನು ಗೆಲ್ಲಬಹುದಾಗಿತ್ತು ಅವನು. ಗೆಲ್ಲಲು ನೋಡಲಿಲ್ಲ.

"ಅಕ್ಕನ ಹತ್ರ ಎಲ್ಲಾ ನಿಮ್ಮ ಮೇಲೇ ಹಾಕ್ಕೊಂಡ್ರಂತೆ."

"ಟೈಲರ್ ಅಣ್ಣನಿಗೆ ಶುಗರ್ ಇತ್ತು, ಟ್ಯೂಬಿತ್ತು, ಲೈನಿತ್ತು, ಬಂದು ಎಷ್ಟೋ ದಿನ ಆಗಿತ್ತು. ಬಾಟಲಿ ಒಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ ಸಿಸ್ಟರ್."

"ಅಲ್ಲ ಅಂತಾನೂ ಹೇಳೋಕಾಗಲ್ಲ."

"...ಇಲ್ಲ. ಹೇಳೋಕಾಗಲ್ಲ."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಅಸಡ್ಡೆ ಅಂದ್ರಲ್ಲ ಅವತ್ತು..." ಎಂದಳು ಅವಳು. "ಅಸಡ್ಡೆ ಅಲ್ಲ. ಹೊಸ ಬಾಟಲಿ ಬಂದಾಗೆಲ್ಲ ಹೊಸದನ್ನ ಬಿಸಾಡಿದೆ, ಹಳೇದನ್ನ ಇಟ್ಕೊಂಡೆ. ನೀವು ಮೊದಲು ಕೊಟ್ಟಿದ್ದು ಅದು. ನನಗೆ... ನನಗೆ ಅದನ್ನ ಬಿಸಾಡೋಕೆ ಆಗಲಿಲ್ಲ ಡಾಕ್ಟ್ರೇ! ಒಬ್ಬ ಒಳ್ಳೇ ಮನುಷ್ಯನ್ನ ಕಳ್ಕೊಂಡಿದ್ದು ನನ್ನ ಈ ಹುಚ್ಚಿಂದ. ಈ ಪ್ರೀತೀನ ಇಟ್ಕೊಂಡು ಏನು ಮಾಡ್ಲಿ ಹೇಳಿ?"

ಅವನು ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಕಣ್ಣೀರು ಇಳಿದು ಮೊಣಕೈ ಮುಟ್ಟಿತು.

"ನಾನು ಬೇರೆ ಬೇರೆ ಅಂಗಡಿ ತಿರುಗಿ ಆ ಬಾಟಲಿ ಆರಿಸಿದ್ದೆ ಸೂಜಿ. ನೀಲಿ ಮುಚ್ಚಳ ನಿಮಗೆ ಇಷ್ಟ ಆಗಬಹುದು ಅಂತ. ಅದನ್ನ ಹೇಳೋಕೆ ಆಗದೆ ಬಿಸಾಡಿ, ತುಂಬಿಸಬೇಡಿ ಅಂತ ಉಪದೇಶ ಮಾಡ್ದೆ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಅವತ್ತೇ ಹೇಳಿದ್ರೆ ನಿಮಗೆ ಆ ಬಾಟಲಿ ಇಟ್ಕೊಳ್ಳೋ ಅಗತ್ಯನೇ ಇರ್ತಿರಲಿಲ್ಲ."

ಅವಳು ಅವನ ಎದುರಿನ ಸ್ಟೂಲಿನ ಮೇಲೆ ಕೂತಳು. ಸಂತೋಷ ಆಗಬೇಕಾದ ಮಾತು. ಆಯಿತು ಕೂಡ. ಆದರೆ ಆ ಸಂತೋಷದ ಪಕ್ಕದಲ್ಲೇ ದಾರ ಪೋಣಿಸುವ ಎರಡು ಬೆರಳುಗಳು ಇದ್ದವು. ಇನ್ನು ಮುಂದೆಯೂ ಇರುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು.

"ಅಕ್ಕ ಇಬ್ಬರನ್ನೂ ಒಟ್ಟಿಗೆ ಬರೋಕೆ ಹೇಳಿದ್ದಾರೆ."

"ಒಳಗೆ ಬಿಡ್ತಾರಾ?"

"ಬಿಡದೇ ಇದ್ರೆ ಹೊರಗೆ ನಿಲ್ಲೋಣ. ಬೈದ್ರೆ ಬೈಸ್ಕೊಳ್ಳೋಣ. ನೀವೊಬ್ಬರೇ ಬೈಸ್ಕೊಂಡಿದ್ದು ಸಾಕು."

ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ, ಮೊದಲ ದಿನದ ಹಾಗೆ, "ಕೈ ತೋರಿಸಿ" ಎಂದ.

ಅವಳು ತೋರಿಸಿದಳು. ಒಂದೂ ಬಿರುಕಿಲ್ಲದ ಬೆರಳುಗಳು.

"ವಾಸಿ ಆಗಿದೆ."

"ಕೆಲಸ ಇಲ್ಲದೇ ಇರೋರ ಕೈ. ಸೋಮವಾರದಿಂದ ಮತ್ತೆ ಐಸಿಯು. ಹೊಸ ಆಸ್ಪತ್ರೆ. ಹೆದರಿಕೆ ಆಗ್ತಿದೆ. ಇನ್ನೊಬ್ಬರ ಲೈನ್ ಮುಟ್ಟೋಕೆ ಹೆದರಿಕೆ ಆಗ್ತಿದೆ."

"ಹೆದರಿಕೆ ಇರಲಿ. ಹೆದರಿಕೆ ಇದ್ದೋರು ಚೆನ್ನಾಗಿ ಕೈ ತೊಳೀತಾರೆ."

"ಮತ್ತೆ ಒಡೆಯುತ್ತೆ."

"ಹೊಸ ಬಾಟಲಿ ತಂದ್ಕೊಡ್ತೀನಿ."

"ಮುಗಿದ ತಕ್ಷಣ ಬಿಸಾಡ್ತೀನಿ."

"ನಾನು ಕೊಟ್ಟಿದ್ದಾದ್ರೂ?"

ಅವಳು ಕಣ್ಣೊರೆಸಿಕೊಳ್ಳದೆಯೇ ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವು ಕೊಟ್ಟಿದ್ದಾದ್ರೂ. ನೀವೇ ಇದ್ದೀರಲ್ಲ."